ಪರವಾನಿಗೆ ಸಿಕ್ಕರೆ ಸಾಕೇ?

ದೀಪಾವಳಿಯ ಬಲಿಪಾಡ್ಯಮಿ ಬಂತೆಂದರೆ ಶಿಕಾರಿಪುರ ಮತ್ತು ಸೊರಬ ತಾಲೂಕಿನ ಹಳ್ಳಿಗಳಲ್ಲಿ ಹೋರಿ ಬೆದರಿಸುವ ಹಬ್ಬದ ಕಾಲ ಆರಂಭವಾಗುತ್ತದೆ. ಪಕ್ಕದ ಹಾವೇರಿ ಜಿಲ್ಲೆಯಲ್ಲಂತೂ ಅದರ ಅಬ್ಬರ ಇನ್ನೂ ಹೆಚ್ಚು. ವರ್ಷವಿಡೀ ಹುರುಳಿ, ಹಿಂಡಿ ತಿನ್ನಿಸಿ ಸಾಕಿದ ಹೋರಿಯ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಬಲೂನು ಮತ್ತು ರಿಬ್ಬನ್ನು ಕಟ್ಟಿ, ಕೊರಳಿಗೆ ಒಣ ಕೊಬ್ಬರಿಯ ಸರ ಹಾಕಿ ಅಖಾಡಕ್ಕೆ ತರುತ್ತಾರೆ. ಎರಡೂ ಬದಿಗಳಲ್ಲಿ ಸಾವಿರಾರು ಜನ ನಿಂತಿರುತ್ತಾರೆ. ಕೇಕೆ, ಕೂಗಾಟಗಳಿಗೆ ಬೆದರಿದ ಹೋರಿ ದಿಕ್ಕು ನೋಡದೆ ಓಡುತ್ತದೆ. ಯುವಕರು ಅದರ ಮೇಲೆ ಬಿದ್ದು ಕೊಬ್ಬರಿಯನ್ನು ಹರಿಯಬೇಕು. ಹರಿದವನಿಗೂ ಬಹುಮಾನವುಂಟು, ಯಾರ ಕೈಗೂ ಸಿಗದೆ ಓಡಿದ ಹೋರಿಯ ಒಡೆಯನಿಗೂ ಬಹುಮಾನವುಂಟು. ಗೆದ್ದ ಹೋರಿಯ ಹೆಸರು ಊರೂರಲ್ಲಿ ಮಾತಾಗುತ್ತದೆ. ನೋಡುವವರಲ್ಲಿ ಎಲ್ಲ ಜಾತಿ, ಎಲ್ಲ ಧರ್ಮದವರೂ ಇರುತ್ತಾರೆ. ನಮ್ಮ ಹುಡುಗರೂ ಇರುತ್ತಾರೆ.

ಈ ಹಬ್ಬದಲ್ಲಿ ಸಾವು ಸಂಭವಿಸುವುದು ಅಪರೂಪವೇನಲ್ಲ. 2022ರ ದೀಪಾವಳಿಯ ಬೆನ್ನಿಗೇ ಶಿವಮೊಗ್ಗ ಜಿಲ್ಲೆಯಲ್ಲಿ ಹೋರಿ ತಿವಿದು ಜನ ಸತ್ತರು. 2023ರ ಜನವರಿಯಲ್ಲಿ ಪುನಃ ಸತ್ತರು. ಸತ್ತವರು ಮದುವೆಯಾಗಬೇಕಿದ್ದ, ಅಥವಾ ಎಳೆಯ ಮಕ್ಕಳನ್ನು ಸಾಕಬೇಕಿದ್ದ ವಯಸ್ಸಿನವರು. ಪ್ರತಿಯೊಂದು ಸಾವಿನ ನಂತರವೂ ಅದೇ ಪ್ರಶ್ನೆ ಏಳುತ್ತದೆ: ಸ್ಪರ್ಧೆಗೆ ಅನುಮತಿ ಪಡೆಯಲಾಗಿತ್ತೇ? ಇಲ್ಲವೆಂದಾದರೆ ಆಯೋಜಕರ ಮೇಲೆ ಮೊಕದ್ದಮೆ ದಾಖಲಾಗುತ್ತದೆ. ಇದೆಯೆಂದಾದರೆ, ಅನುಮತಿ ಇತ್ತಲ್ಲ ಎಂಬ ಸಮಾಧಾನದಲ್ಲಿ ಮಾತು ಮುಗಿಯುತ್ತದೆ. ಹಾಗಾದರೆ ಒಂದು ಹಾಳೆಯ ಇರುವಿಕೆ ಅಥವಾ ಇಲ್ಲದಿರುವಿಕೆಯಿಂದ ಒಂದು ಜೀವದ ಲೆಕ್ಕ ತೀರುತ್ತದೆಯೇ? ಪರವಾನಿಗೆ ಎಂದರೆ ನಿಜವಾಗಿ ಏನು? ಅದನ್ನು ಕೊಡಬೇಕಾದವರು ಯಾರು?

ಬೇರೆಯವರ ಹಬ್ಬದ ಬಗ್ಗೆ ನಮಗೇಕೆ ಉಸಾಬರಿ ಎಂದು ಕೆಲವು ವಾಚಕರು ಕೇಳಬಹುದು. ಆದರೆ ಮೆರವಣಿಗೆ ನಮ್ಮದೂ ಇದೆ, ಧ್ವನಿವರ್ಧಕ ನಮ್ಮದೂ ಇದೆ, ಉರೂಸು, ಸಂದಲು ನಮ್ಮಲ್ಲೂ ಇವೆ. ಠಾಣೆಯ ಬಾಗಿಲಲ್ಲಿ ಅರ್ಜಿ ಹಿಡಿದು ನಿಲ್ಲುವ ಕಮಿಟಿ ನಮ್ಮದೂ ಇದೆ. ಹೋರಿ ಹಬ್ಬದ ವಿಷಯದಲ್ಲಿ ನಾವು ಯಾವ ಮಾತನ್ನು ನ್ಯಾಯವೆನ್ನುತ್ತೇವೋ ಅದು ನಮ್ಮ ಮೊಹಲ್ಲಾದ ಮೆರವಣಿಗೆಗೂ ಅನ್ವಯಿಸಬೇಕು.

ಮೊದಲು ಕಾನೂನಿನ ಮಾತನ್ನು ಸಂಕ್ಷೇಪವಾಗಿ ನೋಡೋಣ. ಪ್ರಾಣಿಗಳ ಮೇಲಿನ ಕ್ರೌರ್ಯವನ್ನು ತಡೆಯುವ ಕೇಂದ್ರದ ಕಾನೂನು 1960ರದ್ದು. ಅದರ ಆಧಾರದಲ್ಲಿ ಸುಪ್ರೀಂ ಕೋರ್ಟು 2014ರ ಮೇ 7ರಂದು ತಮಿಳುನಾಡಿನ ಜಲ್ಲಿಕಟ್ಟನ್ನೂ ಎತ್ತಿನ ಗಾಡಿ ಓಟವನ್ನೂ ನಿಷೇಧಿಸಿತು. ಆ ಬಳಿಕ ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕ ಸರಕಾರಗಳು ಆ ಕಾನೂನಿಗೆ ತಮ್ಮ ತಮ್ಮ ತಿದ್ದುಪಡಿಗಳನ್ನು ತಂದವು. ಕರ್ನಾಟಕದ ತಿದ್ದುಪಡಿ 2017ರಲ್ಲಿ ರೂಪುಗೊಂಡು 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಪಡೆಯಿತು. ಅದು ಕಂಬಳವನ್ನೂ ಹೋರಿ ಮತ್ತು ಎತ್ತಿನ ಗಾಡಿಗಳ ಓಟವನ್ನೂ ಷರತ್ತಿಗೊಳಪಟ್ಟು ಒಪ್ಪಿತು. 2023ರ ಮೇ 18ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರ ಪೀಠವು ಈ ಮೂರೂ ರಾಜ್ಯಗಳ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಜೊತೆಗೇ, ನಿಯಮಗಳನ್ನು ಕಟ್ಟುನಿಟ್ಟಾಗಿ ಜಾರಿಗೊಳಿಸುವ ಹೊಣೆಯನ್ನು ಜಿಲ್ಲಾ ದಂಡಾಧಿಕಾರಿಗಳೇ ಮೊದಲಾದವರ ಮೇಲೆ ಹೊರಿಸಿತು. ಹೀಗಾಗಿ ಹಳ್ಳಿಯೊಂದರಲ್ಲಿ ಹೋರಿ ಬಿಡಬೇಕಾದರೆ ಆಡಳಿತದ ಮತ್ತು ಪೊಲೀಸರ ಒಪ್ಪಿಗೆ ಬೇಕು. ಗಟ್ಟಿಯಾದ ಬೇಲಿ, ಹೋರಿಯನ್ನು ಪರೀಕ್ಷಿಸಲು ಪಶುವೈದ್ಯರು, ಗಾಯಗೊಂಡವರನ್ನು ಒಯ್ಯಲು ಆಂಬುಲೆನ್ಸು, ಇಷ್ಟು ಗಂಟೆಯೊಳಗೆ ಮುಗಿಸಬೇಕೆಂಬ ಅವಧಿ, ಇವೆಲ್ಲ ಇಂಥ ಒಪ್ಪಿಗೆಗೆ ಹಾಕುವ ಷರತ್ತುಗಳು.

ಷರತ್ತುಗಳ ಕೊನೆಯಲ್ಲಿ ಒಂದು ಸಹಿ ಇರುತ್ತದೆ. ಇಡೀ ಪರವಾನಿಗೆಯಲ್ಲಿ ನೀತಿಯ ದೃಷ್ಟಿಯಿಂದ ಬೆಲೆಯುಳ್ಳದ್ದು ಆ ಸಹಿಯೇ ಎಂದು ನನ್ನ ಭಾವನೆ.

ಏಕೆಂದರೆ ಊರ ಹಬ್ಬಕ್ಕೆ ಒಡೆಯನಿರುವುದಿಲ್ಲ. ಚಂದಾ ಎತ್ತಿದವರು ಹಲವರು, ಪೆಂಡಾಲು ಹಾಕಿದವರು ಹಲವರು, ಬಹುಮಾನದ ಹಣ ಕೊಟ್ಟವರು ಇನ್ಯಾರೋ. ಎಲ್ಲವೂ ಸುಸೂತ್ರವಾದರೆ ಹಾರ ಹಾಕಿಸಿಕೊಳ್ಳಲು ಹತ್ತು ಕೊರಳುಗಳು ಮುಂದೆ ಬರುತ್ತವೆ. ಹೋರಿ ಒಬ್ಬನ ಹೊಟ್ಟೆ ಸೀಳಿತೆಂದರೆ ಗುಂಪಿನಲ್ಲಿ ಗೋವಿಂದ, ಒಬ್ಬರೂ ಸಿಗುವುದಿಲ್ಲ. ಅನುಮತಿಯಿಲ್ಲದೆ ನಡೆದ ಸ್ಪರ್ಧೆಯಲ್ಲಿ ಮಗನನ್ನು ಕಳೆದುಕೊಂಡ ತಾಯಿಯ ಸ್ಥಿತಿಯನ್ನು ಯೋಚಿಸಿ ನೋಡಿ. ಅವಳು ಯಾರನ್ನು ಕೇಳಬೇಕು? ದೂರು ಕೊಟ್ಟರೆ ನೆರೆಯವರ ಮೇಲೆಯೇ ಕೊಡಬೇಕು. ಸಾಕ್ಷಿ ಹೇಳಬೇಕಾದವರು ಅದೇ ಊರಿನವರು. ಅವರು ನಾಳೆ ಅದೇ ಕೆರೆ ಕೋಡಿಯ ಮೇಲೆ ಓಡಾಡಬೇಕಾದವರು. ಕೊನೆಗೆ ನಾಲ್ಕು ಜನ ಅವಳ ಮನೆಗೆ ಬಂದು, ಏನು ಮಾಡುವುದಮ್ಮ, ಅವನ ಹಣೆಬರಹ ಎಂದು ಹೇಳಿ ಹೋಗುತ್ತಾರೆ.

ಹಣೆಬರಹದ ಈ ಮಾತು ನಮ್ಮಲ್ಲೂ ಬೇರೆ ವೇಷದಲ್ಲಿದೆ. ತಕ್ದೀರ್ ಎಂದು ಹೇಳಿ ಕೈತೊಳೆದುಕೊಳ್ಳುತ್ತೇವೆ. ಆದರೆ ಒಂಟೆಯನ್ನು ಕಟ್ಟದೆಯೇ ಅಲ್ಲಾಹನ ಮೇಲೆ ಭರವಸೆಯಿಡಲೇ ಎಂದು ಕೇಳಿದವನಿಗೆ ಪ್ರವಾದಿವರ್ಯರು(ಸ), ಮೊದಲು ಅದನ್ನು ಕಟ್ಟು, ಅನಂತರ ಭರವಸೆಯಿಡು ಎಂಬರ್ಥದ ಉತ್ತರ ಕೊಟ್ಟರು. ತಿಳಿಯದೆ ಆದ ಕೊಲೆಗೂ ಇಸ್ಲಾಮೀ ಧರ್ಮಶಾಸ್ತ್ರ ಸತ್ತವನ ಮನೆಯವರಿಗೆ ಪರಿಹಾರ ಧನವನ್ನು ವಿಧಿಸಿದೆ. ಅಂದರೆ ಉದ್ದೇಶವಿರಲಿಲ್ಲ ಎಂಬ ಒಂದೇ ಕಾರಣಕ್ಕೆ ಹೊಣೆ ತಪ್ಪುವುದಿಲ್ಲ. ಸಾವು ಅಲ್ಲಾಹನ ಕೈಯಲ್ಲಿದೆ ಎಂಬುದು ನಮ್ಮ ವಿಶ್ವಾಸ. ಮುರಿದ ಬೇಲಿಯ ಲೆಕ್ಕ ಮಾತ್ರ ಬೇಲಿ ಕಟ್ಟಿದವನದ್ದೇ. ಪರವಾನಿಗೆಯ ಕೆಳಗೆ ಸಹಿ ಹಾಕುವವನು, ಏನಾದರೂ ಆದರೆ ನನ್ನನ್ನು ಕೇಳಿ ಎಂದು ಹೇಳುತ್ತಾನೆ. ಪರವಾನಿಗೆಯಿಲ್ಲದೆ ಹಬ್ಬ ಮಾಡುವವರು, ಏನಾದರೂ ಆದರೆ ಯಾರನ್ನೂ ಕೇಳಬೇಡಿ ಎನ್ನುತ್ತಾರೆ. ಎರಡಕ್ಕೂ ಇರುವ ಅಂತರ ದೊಡ್ಡದು.

ಆದರೆ ಸಹಿ ಬಿದ್ದು ಪರವಾನಿಗೆ ಸಿಕ್ಕಿತು ಎಂದಿಟ್ಟುಕೊಳ್ಳೋಣ. ಅಲ್ಲಿಗೆ ವಿಷಯ ಮುಗಿಯಿತೇ?

ಅಖಾಡಕ್ಕೆ ಇಳಿದ ಯುವಕ ತಾನೇ ಒಪ್ಪಿ ಇಳಿದಿದ್ದಾನೆ ಎನ್ನಬಹುದು. ಅದೂ ಪೂರ್ತಿ ನಿಜವಲ್ಲ. ನಮ್ಮ ವಿಶ್ವಾಸದ ಪ್ರಕಾರ ದೇಹ ಅವನ ಸ್ವಂತ ಆಸ್ತಿಯಲ್ಲ, ಅದೊಂದು ಅಮಾನತ್ತು. ನಿಮ್ಮನ್ನು ನೀವೇ ನಾಶಕ್ಕೆ ತಳ್ಳಿಕೊಳ್ಳಬಾರದೆಂದು ಪವಿತ್ರ ಕುರ್‌ಆನ್ ತಾಕೀತು ಮಾಡಿದೆ. ಆದರೂ ವಾದಕ್ಕೆ ಅವನ ಒಪ್ಪಿಗೆಯನ್ನು ಒಪ್ಪೋಣ. 2025ರ ಅಕ್ಟೋಬರಿನಲ್ಲಿ, ದೀಪಾವಳಿಯ ದಿನಗಳಲ್ಲಿ, ಹಾವೇರಿ ಜಿಲ್ಲೆಯಲ್ಲಿ ಹೋರಿಗಳಿಗೆ ಸಿಕ್ಕಿ ಸತ್ತವರಲ್ಲಿ ವೃದ್ಧರಿದ್ದರು. ಅವರು ಕೊಬ್ಬರಿ ಹರಿಯಲು ಹೋದವರಲ್ಲ. ಅಂಥವರ ಒಪ್ಪಿಗೆಯನ್ನು ಯಾರು ಪಡೆದಿದ್ದರು? ಜಿಲ್ಲಾಡಳಿತವು ತನ್ನ ಮೈದಾನವನ್ನು ಬಳಸಲು ಅನುಮತಿ ಕೊಡಬಹುದು, ತನ್ನ ರಸ್ತೆಯನ್ನು ಎರಡು ಗಂಟೆ ಮುಚ್ಚಬಹುದು. ದಾರಿಹೋಕನ ಪಕ್ಕೆಲುಬನ್ನು ಬಳಸಲು ಅನುಮತಿ ಕೊಡುವ ಅಧಿಕಾರ ಅದಕ್ಕಿಲ್ಲ. ತನ್ನದಲ್ಲದ್ದನ್ನು ಯಾರೂ ದಾನ ಮಾಡಲಾರರು.

ಇನ್ನು ಹೋರಿ. ಅದನ್ನು ಮಕ್ಕಳಂತೆ ಸಾಕುತ್ತೇವೆಂದು ರೈತರು ಹೇಳುವುದು ಸುಳ್ಳಲ್ಲ. ಹಬ್ಬದ ಹೋರಿಗೆ ಸಿಗುವ ಆರೈಕೆ ಎಷ್ಟೋ ಮನೆಗಳಲ್ಲಿ ಮಕ್ಕಳಿಗೂ ಸಿಗುವುದಿಲ್ಲ. ಆದರೆ ಆಟದ ಹೆಸರೇ ಬೆದರಿಸುವುದು. ಬೆದರಿದ್ದರಿಂದಲೇ ಅದು ಓಡುತ್ತದೆ, ಓಡಿದ್ದರಿಂದಲೇ ಹಬ್ಬ ರಂಗೇರುತ್ತದೆ. ಮದೀನಾದ ಅನ್ಸಾರಿಯೊಬ್ಬರ ತೋಟದಲ್ಲಿ ಒಂಟೆಯೊಂದು ಪ್ರವಾದಿವರ್ಯರನ್ನು(ಸ) ಕಂಡು ಕಣ್ಣೀರಿಟ್ಟ ಪ್ರಸಂಗ ಹದೀಸ್ ಗ್ರಂಥಗಳಲ್ಲಿದೆ. ಅವರು ಅದರ ತಲೆ ಸವರಿ ಸಮಾಧಾನಪಡಿಸಿ, ಒಡೆಯನನ್ನು ಕರೆಸಿ, ಈ ಮೂಕ ಪ್ರಾಣಿಯ ವಿಷಯದಲ್ಲಿ ಅಲ್ಲಾಹನನ್ನು ಭಯಪಡಲು ಹೇಳಿದರು. ಆ ಒಡೆಯನಿಗೆ ಒಂಟೆಯ ಮೇಲೆ ಪೂರ್ತಿ ಹಕ್ಕಿತ್ತು, ಯಾರ ಪರವಾನಿಗೆಯೂ ಬೇಕಿರಲಿಲ್ಲ. ಆದರೂ ಅವನನ್ನು ಕೇಳಲಾಯಿತು. (ಬಕ್ರೀದ್ ಹತ್ತಿರ ಬಂದಾಗ ಆಡುಗಳನ್ನು ಉಸಿರುಗಟ್ಟುವಂತೆ ವಾಹನಕ್ಕೆ ತುಂಬಿಸಿ ತರುವ ನಮ್ಮವರೂ ಈ ಹದೀಸನ್ನು ಓದಿಕೊಳ್ಳುವುದು ಒಳ್ಳೆಯದು.)

ಈಗ ನಮ್ಮ ಮನೆಯಂಗಳಕ್ಕೆ ಬರೋಣ.

ಧ್ವನಿವರ್ಧಕದ ಬಗ್ಗೆ ಕೇಂದ್ರ ಸರಕಾರದ ನಿಯಮಗಳು 2000ದಿಂದಲೂ ಜಾರಿಯಲ್ಲಿವೆ. ಲಿಖಿತ ಅನುಮತಿಯಿಲ್ಲದೆ ಅದನ್ನು ಬಳಸುವಂತಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಬಳಸುವಂತಿಲ್ಲ. ವರ್ಷದಲ್ಲಿ ಹೆಚ್ಚೆಂದರೆ 15 ದಿನ, ಹಬ್ಬಹರಿದಿನಗಳಿಗಾಗಿ, ರಾತ್ರಿ 12ರವರೆಗೆ ರಾಜ್ಯ ಸರಕಾರ ಸಡಿಲಿಕೆ ನೀಡಬಹುದು. ವಸತಿ ಪ್ರದೇಶದಲ್ಲಿ ಶಬ್ದದ ಮಿತಿ ಹಗಲು 55 ಡೆಸಿಬಲ್, ರಾತ್ರಿ 45. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಪ್ರಾರ್ಥನೆಯನ್ನು ಇತರರ ನೆಮ್ಮದಿ ಕೆಡಿಸಿ ಸಲ್ಲಿಸಬೇಕೆಂದು ಯಾವ ಧರ್ಮವೂ ಹೇಳುವುದಿಲ್ಲವೆಂದು ಸುಪ್ರೀಂ ಕೋರ್ಟು 2000ದ ಆಗಸ್ಟಿನಲ್ಲಿ, ಒಂದು ಚರ್ಚಿನ ಮೊಕದ್ದಮೆಯಲ್ಲಿ, ತೀರ್ಪಿತ್ತಿತು. 2005ರ ಜುಲೈಯಲ್ಲಿ ಇನ್ನೂ ವಿಸ್ತಾರವಾದ ತೀರ್ಪು ಬಂತು. ಇಷ್ಟೆಲ್ಲ ಇದ್ದರೂ ವರ್ಷಗಟ್ಟಲೆ ಮಂದಿರ, ಮಸೀದಿ, ಚರ್ಚು, ರಾಜಕೀಯ ಸಭೆ ಯಾರೂ ಅದನ್ನು ಲೆಕ್ಕಕ್ಕಿಟ್ಟಿರಲಿಲ್ಲ. 2022ರಲ್ಲಿ ಅಝಾನಿನ ವಿರುದ್ಧ ಗದ್ದಲವೆದ್ದು, ಮೇ 10ರಂದು ರಾಜ್ಯ ಸರಕಾರ ಆದೇಶ ಹೊರಡಿಸಿದ ಬಳಿಕವಷ್ಟೇ ಕಮಿಟಿಗಳು ಅರ್ಜಿ ಹಿಡಿದು ಹೊರಟವು. ಆ ಗದ್ದಲ ಎಬ್ಬಿಸಿದವರ ಮನಸ್ಸಿನಲ್ಲಿ ನೆರೆಹೊರೆಯವರ ನಿದ್ದೆಯ ಕಾಳಜಿ ಇರಲಿಲ್ಲವೆಂಬುದು ಎಲ್ಲರಿಗೂ ಗೊತ್ತು. ಆದರೆ ಕೇಳಿದವನ ಉದ್ದೇಶ ಕೆಟ್ಟದಾಗಿದ್ದರೂ ಪ್ರಶ್ನೆ ಸರಿಯಾಗಿರಲು ಸಾಧ್ಯ.

ಮಸೀದಿಯಲ್ಲಿ ಇಅ್ತಿಕಾಫ್ ಕುಳಿತಿದ್ದ ಪ್ರವಾದಿವರ್ಯರು(ಸ), ಜನರು ಒಬ್ಬರ ಮೇಲೊಬ್ಬರು ಗಟ್ಟಿಯಾಗಿ ಕುರ್‌ಆನ್ ಪಾರಾಯಣ ಮಾಡುವುದನ್ನು ಕೇಳಿ, ಪರದೆ ಸರಿಸಿ, ಪರಸ್ಪರರಿಗೆ ತೊಂದರೆ ಕೊಡಬಾರದೆಂದು ಎಚ್ಚರಿಸಿದರು. ಅಲ್ಲಿದ್ದ ಧ್ವನಿ ಅಲ್ಲಾಹನ ವಚನದ್ದು. ಜಾಗ ಮಸೀದಿ. ತೊಂದರೆಗೊಳಗಾಗುವವರೂ ಆರಾಧನೆಯಲ್ಲಿದ್ದವರೇ. ಅಂಥಲ್ಲಿಯೇ ತಡೆದ ಮೇಲೆ, ಬಾಡಿಗೆಗೆ ತಂದ ಡಿ.ಜೆ. ಪೆಟ್ಟಿಗೆಗಳನ್ನು ಲಾರಿಯ ಮೇಲೆ ಕಟ್ಟಿ, ಸಿನೆಮಾ ಹಾಡಿನ ತಾಳಕ್ಕೆ ನಅ್ತ್ ಹಾಕಿ, ಹಸುಗೂಸುಗಳಿರುವ ಓಣಿಯಲ್ಲಿ ನುಗ್ಗಿಸುವುದನ್ನು ಯಾವ ಪ್ರೀತಿಯ ಹೆಸರಲ್ಲಿ ಸಮರ್ಥಿಸುವುದು? ಅದಕ್ಕೆ ಠಾಣೆಯ ಒಪ್ಪಿಗೆ ಪತ್ರ ಇತ್ತು ಎಂದರೆ ನೆರೆಯವನ ಹಕ್ಕು ಇಲ್ಲವಾಗುವುದಿಲ್ಲ. ಹುಕೂಕುಲ್ ಇಬಾದ್ ಅಂದರೆ ಮನುಷ್ಯರ ಹಕ್ಕುಗಳು. ಅವನ್ನು ಆ ಮನುಷ್ಯರೇ ಮನ್ನಿಸಬೇಕು, ಠಾಣಾಧಿಕಾರಿ ಮನ್ನಿಸಲಾರ.

ಚಾಂದ್ರಮಾನದ ನಮ್ಮ ವರ್ಷ ಸುಮಾರು 11 ದಿನ ಚಿಕ್ಕದು. ಆದ್ದರಿಂದ ಮೀಲಾದ್ ಪ್ರತಿವರ್ಷ ಹಿಂದೆ ಸರಿಯುತ್ತ, 33 ವರ್ಷಗಳಿಗೊಮ್ಮೆ ಅದೇ ಋತುವಿಗೆ ಮರಳುತ್ತದೆ. 2023, 2024, 2025ರಲ್ಲಿ ಅದು ಗಣೇಶ ವಿಸರ್ಜನೆಯ ಮೆರವಣಿಗೆಗಳ ಆಸುಪಾಸಿನಲ್ಲೇ ಬಂತು. ಆಡಳಿತಕ್ಕೆ ತಲೆನೋವು, ಎರಡೂ ಕಡೆಯ ಹಿರಿಯರಿಗೆ ಪರೀಕ್ಷೆ. 2023ರ ಸೆಪ್ಟೆಂಬರ್ 28ರಂದು ಶಿವಮೊಗ್ಗ ನಗರದಲ್ಲಿ ಗಣೇಶನ ದೊಡ್ಡ ಮೆರವಣಿಗೆ ಇದ್ದುದರಿಂದ ಅಲ್ಲಿನ ಮುಸ್ಲಿಮರು ತಮ್ಮ ಮೆರವಣಿಗೆಯನ್ನು ಅಕ್ಟೋಬರ್ 1ಕ್ಕೆ ಮುಂದೂಡಿದರು. ಕರ್ನಾಟಕದ ಬೇರೆ ಊರುಗಳಲ್ಲೂ ಹೀಗಾಯಿತು. ಅದು ಹೇಡಿತನವಲ್ಲ. ದಿನಾಂಕವನ್ನು ಮೂರು ದಿನ ಸರಿಸುವುದರಿಂದ ದೀನಿನ ಒಂದು ಕೂದಲೂ ಕೊಂಕುವುದಿಲ್ಲ. ಆ ನಡೆ ಶ್ಲಾಘನೀಯವಾಗಿತ್ತು. ಆದರೆ ಅಕ್ಟೋಬರ್ 1ರಂದು ರಾಗಿಗುಡ್ಡದಲ್ಲಿ ಕಲ್ಲು ತೂರಾಟವಾಯಿತು, ಮನೆಗಳಿಗೆ ಹಾನಿಯಾಯಿತು, ನಿಷೇಧಾಜ್ಞೆ ಹೇರಬೇಕಾಯಿತು. ಮೊದಲ ಕಲ್ಲು ಯಾರದ್ದೆಂಬುದನ್ನು ನಿರ್ಣಯಿಸಲು ನ್ಯಾಯಾಲಯಗಳಿವೆ. ನನಗೆ ಕಾಡುವುದು ಇನ್ನೊಂದು ವಿಷಯ. ಎಷ್ಟೋ ಹಿರಿಯರು ವಾರಗಟ್ಟಲೆ ಶಾಂತಿಸಭೆಗಳಲ್ಲಿ ಕುಳಿತು, ತಗ್ಗಿ ಬಗ್ಗಿ ಮಾತಾಡಿ ಗಳಿಸಿದ್ದ ವಿಶ್ವಾಸವನ್ನು ಕೆಲವೇ ಮಂದಿ ಅರ್ಧ ತಾಸಿನಲ್ಲಿ ಕಳೆದುಹಾಕಿದರು. ಮೆರವಣಿಗೆ ಶಾಂತಿಯುತವಾಗಿರುತ್ತದೆ ಎಂದು ಮುಂಚೂಣಿಯಲ್ಲಿ ನಡೆಯುವವನು ಬರೆದುಕೊಡುತ್ತಾನೆ. ಅದನ್ನು ಉಳಿಸುವುದು ಅಥವಾ ಮುರಿಯುವುದು ಎಲ್ಲರಿಗಿಂತ ಹಿಂದೆ ಇರುವ ಹುಡುಗನ ಕೈಯಲ್ಲಿದೆ. ಅವನಿಗೆ ಆ ಕಾಗದದಲ್ಲಿ ಏನು ಬರೆದಿದೆಯೆಂದೇ ಗೊತ್ತಿರುವುದಿಲ್ಲ.

ಸಾರ್ವಜನಿಕ ಆರಾಧನೆಗೆ ಷರತ್ತುಬದ್ಧ ಅನುಮತಿ ಪಡೆದು ಅದನ್ನು ಅಕ್ಷರಶಃ ಪಾಲಿಸಿದ ಒಂದು ಘಟನೆ ನಮ್ಮ ಇತಿಹಾಸದಲ್ಲೇ ಇದೆ. ಮದ್ರಸದ ಮಕ್ಕಳಿಗೂ ಅದು ಗೊತ್ತು, ಆದರೆ ಈ ದೃಷ್ಟಿಯಿಂದ ನಾವು ಅದನ್ನು ಓದುವುದು ಕಡಿಮೆ. ಹಿಜರಿ 6ರಲ್ಲಿ ಪ್ರವಾದಿವರ್ಯರು(ಸ) ಸುಮಾರು 1400 ಸಹಾಬಿಗಳೊಂದಿಗೆ ಉಮ್ರಾಕ್ಕೆಂದು ಹೊರಟು ಮಕ್ಕಾದ ಹೊರಗೆ ಹುದೈಬಿಯಾದಲ್ಲಿ ತಡೆಯಲ್ಪಟ್ಟರು. ಕಅಬಾ ಯಾರ ಸ್ವಂತ ಆಸ್ತಿಯೂ ಆಗಿರಲಿಲ್ಲ. ಅರೇಬಿಯದ ಯಾವ ಯಾತ್ರಿಕನನ್ನೂ ತಡೆಯುವ ಹಕ್ಕು ಕುರೈಶರಿಗಿರಲಿಲ್ಲ. ಅಂದರೆ ಅನುಮತಿ ನಿರಾಕರಣೆಯೇ ಅನ್ಯಾಯವಾಗಿತ್ತು. ನಾವು ಸತ್ಯದ ಮೇಲಿರುವಾಗ ಈ ತಗ್ಗುವಿಕೆ ಏಕೆಂದು ಹಝ್ರತ್ ಉಮರ್(ರ) ಅವರೇ ಕಳವಳಗೊಂಡರು. ಆದರೂ ಸಂಧಿಯಾಯಿತು: ಈ ವರ್ಷ ಹಿಂತಿರುಗಬೇಕು. ಮುಂದಿನ ವರ್ಷ ಬರಬಹುದು, ಮೂರೇ ದಿನ, ಒರೆಯಲ್ಲಿಟ್ಟ ಖಡ್ಗದ ಹೊರತು ಬೇರೆ ಆಯುಧವಿರಬಾರದು. ಇಂದಿನ ಭಾಷೆಯಲ್ಲಿ ಹೇಳುವುದಾದರೆ ದಿನಾಂಕ, ಅವಧಿ, ಆಯುಧ ನಿಷೇಧ, ಎಲ್ಲವೂ ನಮೂದಾದ ಪರವಾನಿಗೆ.

ಹಿಜರಿ 7ರಲ್ಲಿ ಅವರು ಬಂದರು. ಹೆಚ್ಚಿನ ಆಯುಧಗಳನ್ನು ಮಕ್ಕಾದ ಹೊರಗೇ ಇರಿಸಿ ಕಾವಲು ಹಾಕಿದರು. ಮೂರು ದಿನ ಕಳೆಯಿತು. ಅದೇ ಸಂದರ್ಭದಲ್ಲಿ ಪ್ರವಾದಿವರ್ಯರ(ಸ) ವಿವಾಹ ಹಝ್ರತ್ ಮೈಮೂನಾ(ರ) ಅವರೊಂದಿಗೆ ನಿಶ್ಚಯವಾಗಿತ್ತು. ಇನ್ನು ಸ್ವಲ್ಪ ತಂಗಿ ಔತಣ ಏರ್ಪಡಿಸುತ್ತೇನೆ, ನೀವೂ ಬನ್ನಿ ಎಂದು ಅವರು ಕುರೈಶರನ್ನೇ ಆಹ್ವಾನಿಸಿದರು. ನಿಮ್ಮ ಊಟ ಬೇಡ, ಅವಧಿ ಮುಗಿಯಿತು, ಹೊರಡಿ ಎಂಬ ಒರಟು ಉತ್ತರ ಬಂತು. ಆ ಧಾಟಿ ಕೆಲವು ಸಹಾಬಿಗಳಿಗೆ ಸಹನೆಯಾಗಲಿಲ್ಲ. ಬಂದವರ ಕೈಯಲ್ಲಿ ಬಲವಿತ್ತು, ಊರೊಳಗೆ ಕಾಲಿಟ್ಟಾಗಿತ್ತು, ಸಂತೋಷದ ಕಾರಣವೂ ಇತ್ತು. ಒಂದು ಹೊತ್ತು ಹೆಚ್ಚು ನಿಂತಿದ್ದರೆ ಯಾರು ಏನು ಮಾಡುತ್ತಿದ್ದರು? ಆದರೆ ಪ್ರವಾದಿವರ್ಯರು(ಸ) ಹೊರಡಲು ಆಜ್ಞಾಪಿಸಿದರು. ನವವಧು ಅವರನ್ನು ಸೇರಿಕೊಂಡದ್ದು ಮಕ್ಕಾದ ಹೊರಗಿನ ಸರಿಫ್ ಎಂಬಲ್ಲಿ.

ಈ ಘಟನೆಯನ್ನು ಮುಂದಿಟ್ಟುಕೊಂಡು ನಮ್ಮ ಮೆರವಣಿಗೆಯನ್ನು ನೋಡಿ. ಸಂಜೆ 6ಕ್ಕೆ ಮುಗಿಸುತ್ತೇವೆಂದು ಬರೆದುಕೊಟ್ಟು 9ರವರೆಗೂ ಬಸ್‌ಸ್ಟ್ಯಾಂಡಿನ ಮುಂದೆ ಕುಣಿಯುವ ಹುಡುಗರನ್ನು ಕೇಳಿದರೆ, ಹಬ್ಬದ ದಿನ ಅಷ್ಟೂ ಇಲ್ಲವೇ ಎನ್ನುತ್ತಾರೆ. ಕರಾರನ್ನು ಪಾಲಿಸಬೇಕೆಂದೂ ಅದರ ಬಗ್ಗೆ ವಿಚಾರಣೆಯಿದೆಯೆಂದೂ ಪವಿತ್ರ ಕುರ್‌ಆನ್ ಆಜ್ಞಾಪಿಸುವಾಗ, ಸ್ಟಾಂಪು ಕಾಗದದ ಕರಾರು ಬೇರೆ, ತಹಸೀಲ್ದಾರರ ಕಚೇರಿಯ ಕರಾರು ಬೇರೆ ಎಂದು ವಿಂಗಡಿಸಿಲ್ಲ. ಎದುರು ಪಕ್ಷ ಮುಸ್ಲಿಮನಾಗಿರಬೇಕೆಂಬ ಷರತ್ತೂ ಇಲ್ಲ. ಹುದೈಬಿಯಾದ ಎದುರು ಪಕ್ಷ ಯುದ್ಧ ಹೂಡಿದ ಶತ್ರುವೇ ಆಗಿತ್ತು.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದನ್ನು ತಳ್ಳಿಹಾಕಲಾಗದು. ಅವರ ಮೆರವಣಿಗೆ ಮಧ್ಯರಾತ್ರಿಯವರೆಗೆ ನಡೆದರೂ ಕೇಳುವವರಿಲ್ಲ, ನಮ್ಮದು ಹತ್ತು ನಿಮಿಷ ತಡವಾದರೆ ಲಾಠಿ. ಅವರಿಗೆ ಒಂದು ಫೋನಿನಲ್ಲಿ ಅನುಮತಿ, ನಮಗೆ ನಾಲ್ಕು ಸಲ ಅಲೆದಾಟ, ಇದು ಯಾವ ನ್ಯಾಯ ಎಂದು ಕೇಳುತ್ತಾರೆ. ಹಾಗೆ ನಡೆಯುವ ಊರುಗಳಿವೆ, ನಡೆದಲ್ಲಿ ಅದು ಅನ್ಯಾಯವೇ. ಶಾಂತಿಯುತವಾಗಿ ಸೇರುವುದು ಸಂವಿಧಾನದ 19ನೇ ವಿಧಿಯೂ ಧರ್ಮಾಚರಣೆ 25ನೇ ವಿಧಿಯೂ ಕೊಟ್ಟ ಹಕ್ಕು. ಸಾರ್ವಜನಿಕ ಸುವ್ಯವಸ್ಥೆ, ಆರೋಗ್ಯ, ನೈತಿಕತೆಗಳ ಮಿತಿಯೊಳಗೆ ಆಡಳಿತ ಅದನ್ನು ಕ್ರಮಬದ್ಧಗೊಳಿಸಬಹುದೇ ಹೊರತು ಭಿಕ್ಷೆಯಂತೆ ಕೊಡುವಂತಿಲ್ಲ. ಲಿಖಿತವಾಗಿ ಕೇಳಿ, ಲಿಖಿತವಾಗಿಯೇ ಉತ್ತರ ಪಡೆಯಿರಿ, ನಿರಾಕರಿಸಿದರೆ ಕಾರಣ ಕೇಳಿ, ಹೈಕೋರ್ಟಿಗೆ ಹೋಗಿ. ಅದು ತಾಳ್ಮೆಯ ಕೆಲಸ, ಪುಣ್ಯದ ಕೆಲಸ. ಆದರೆ ಅವನು ಚಾಪೆಯ ಕೆಳಗೆ ನುಸುಳಿದನೆಂದು ನಾನು ರಂಗೋಲಿಯ ಕೆಳಗೆ ನುಸುಳುತ್ತೇನೆ ಎಂಬುದು ನ್ಯಾಯದ ಬೇಡಿಕೆಯಲ್ಲ, ಪಾಲಿನ ಬೇಡಿಕೆ. ಒಂದು ಜನತೆಯ ಮೇಲಿನ ದ್ವೇಷ ನಿಮ್ಮನ್ನು ನ್ಯಾಯದಿಂದ ಸರಿಸದಿರಲಿ ಎಂಬ ಕುರ್‌ಆನಿನ ತಾಕೀತು ಇಂಥ ಗಳಿಗೆಗಾಗಿಯೇ ಇದೆ. ನಡುವೆ ಆ ಓಣಿಯಲ್ಲಿ ಜ್ವರ ಬಂದು ಮಲಗಿದ ಮಗುವಿಗೆ ಮೊದಲ ಮೆರವಣಿಗೆಯ ಡಿ.ಜೆ. ಯಾವುದು, ಎರಡನೆಯದ್ದು ಯಾವುದು ಎಂಬ ಭೇದ ತಿಳಿಯುವುದಿಲ್ಲ.

ಅಧಿಕಾರಿಗಳ ಪಾಲೂ ಇದೆ. ಹೋರಿ ಹಬ್ಬದ ವಿಷಯದಲ್ಲಿ ಆಗುವ ದೊಡ್ಡ ಅನಾಹುತ ಕಂಡೂ ಕಾಣದಂತೆ ಇರುವುದರಿಂದ ಎಂದು ನನಗನಿಸುತ್ತದೆ. ಅನುಮತಿ ಕೊಟ್ಟರೆ ನಾಳೆ ಹೊಣೆ ತನ್ನ ತಲೆಗೆ ಬರುತ್ತದೆ. ಬೇಡವೆಂದರೆ ಊರಿಗೆ ಊರೇ ತಿರುಗಿಬೀಳುತ್ತದೆ. ಆದ್ದರಿಂದ ಅರ್ಜಿ ಮೇಜಿನ ಮೇಲೆಯೇ ಉಳಿಯುತ್ತದೆ, ಹಬ್ಬ ಹೇಗೂ ನಡೆಯುತ್ತದೆ. ಅಧಿಕೃತವಾಗಿ ಅದು ನಡೆಯದ ಹಬ್ಬವಾದ್ದರಿಂದ ಅಲ್ಲಿ ಪಶುವೈದ್ಯರಿಲ್ಲ, ಆಂಬುಲೆನ್ಸಿಲ್ಲ. ಗಾಯಾಳುವನ್ನು ಯಾರದ್ದೋ ಬೈಕಿನಲ್ಲಿ, ಗೂಡ್ಸ್ ಗಾಡಿಯಲ್ಲಿ ತಾಲೂಕು ಆಸ್ಪತ್ರೆಗೆ, ಅಲ್ಲಿಂದ ಶಿವಮೊಗ್ಗಕ್ಕೆ ಸಾಗಿಸುವಷ್ಟರಲ್ಲಿ ರಕ್ತ ಬಸಿದುಹೋಗಿರುತ್ತದೆ. ಸ್ಪಷ್ಟವಾಗಿ ಬೇಡವೆನ್ನುವ ಅಧಿಕಾರಿಗಾಗಲಿ, ಷರತ್ತು ಹಾಕಿ ಸ್ವತಃ ಬಂದು ಬೇಲಿ ಅಲ್ಲಾಡಿಸಿ ನೋಡುವ ಅಧಿಕಾರಿಗಾಗಲಿ ನಾನು ತಲೆಬಾಗುತ್ತೇನೆ. ನಡುವೆ ನಿಂತವನಿಗೆ ಮಾತ್ರ ಇಲ್ಲ. ದೂರದ ಇರಾಕಿನಲ್ಲಿ ಹೇಸರಗತ್ತೆಯೊಂದು ಎಡವಿದರೂ ದಾರಿಯನ್ನು ಏಕೆ ಸರಿಮಾಡಲಿಲ್ಲವೆಂದು ಅಲ್ಲಾಹನು ತನ್ನನ್ನು ಕೇಳುವನೆಂದು ಹಝ್ರತ್ ಉಮರ್(ರ) ಅಂಜುತ್ತಿದ್ದರೆಂಬುದು ಪ್ರಸಿದ್ಧ. ನಮ್ಮ ಮಕ್ಕಳಲ್ಲಿ ಕೆಲವರು ನಾಳೆ ಪೊಲೀಸ್, ಕಂದಾಯ ಇಲಾಖೆಗಳ ಕುರ್ಚಿಯಲ್ಲಿ ಕೂರುವವರು. ಈ ಕಥೆಯನ್ನು ಮನೆಯಲ್ಲಿ ಈಗಲೇ ಹೇಳುವುದು ಒಳಿತು.

ತಾಯಂದಿರಿಗೆ ಒಂದು ಮಾತು. ಹಬ್ಬದ ದಿನ ಹೊಸ ಬಟ್ಟೆ ತೊಟ್ಟು ಹೊರಡುವ ಮಗನಿಗೆ ಅತ್ತರು ಹಚ್ಚಿ ಕಳುಹಿಸುತ್ತೀರಿ. ಮೆರವಣಿಗೆ ಎಷ್ಟು ಹೊತ್ತಿಗೆ ಮುಗಿಯಬೇಕೆಂದು ಕಮಿಟಿ ಬರೆದುಕೊಟ್ಟಿದೆಯೆಂದು ಅವನನ್ನು ಕೇಳಿ. ಗೊತ್ತಿಲ್ಲವೆಂದರೆ ವಿಚಾರಿಸಿ ಬಾ ಎನ್ನಿ. ಅಖಾಡ ನೋಡಲು ಹೊರಟವನಿಗೆ, ಬೇಲಿ ಇದೆಯೇ, ಅನುಮತಿ ಇದೆಯೇ ಎಂದು ಕೇಳಿ, ಇಲ್ಲವೆಂದರೆ ಕಳುಹಿಸಬೇಡಿ. ಅವನು ಮುಖ ಊದಿಸಿಕೊಂಡು ಕೂತರೂ ಸಂಜೆ ಮನೆಯಲ್ಲಿರುತ್ತಾನೆ.

ಶಿರಾಳಕೊಪ್ಪವಿರಲಿ, ಆನವಟ್ಟಿಯಿರಲಿ, ಶಿಕಾರಿಪುರ, ಸೊರಬ ಪಟ್ಟಣಗಳಿರಲಿ, ಕಮಿಟಿಯ ಹಿರಿಯರು ಮಾಡಬಹುದಾದ ಕೆಲಸವೊಂದಿದೆ. ಅನುಮತಿ ಪತ್ರ ಕೈಗೆ ಬಂದ ವಾರದ ಜುಮಾ ನಮಾಝಿನ ಬಳಿಕ ಅದರ ಷರತ್ತುಗಳನ್ನು ಒಂದೊಂದಾಗಿ, ಕನ್ನಡದಲ್ಲಿ ಮತ್ತು ಉರ್ದುವಿನಲ್ಲಿ, ಎಲ್ಲರಿಗೂ ಕೇಳುವಂತೆ ಓದಿ ಹೇಳಬೇಕು. ಅದಕ್ಕಿಂತಲೂ ಮುಂಚೆ, ಅರ್ಜಿ ಬರೆಯುವುದಕ್ಕೆ ಮೊದಲೇ, ಇಬ್ಬರು ಮೂವರು ಹಿರಿಯರು ಮೆರವಣಿಗೆ ಹೋಗುವ ದಾರಿಯಲ್ಲಿ ಒಮ್ಮೆ ಹಗಲಿನಲ್ಲಿ ನಡೆದುಹೋಗಬೇಕು. ಯಾವ ಮನೆಯಲ್ಲಿ ಬಾಣಂತಿಯಿದ್ದಾಳೆ, ಯಾರ ಮನೆಯಲ್ಲಿ ಸಾವಾಗಿ ಹನ್ನೊಂದು ದಿನ ಕಳೆದಿಲ್ಲ, ಎಲ್ಲಿ ಪರೀಕ್ಷೆಗೆ ಓದುವ ಮಕ್ಕಳಿದ್ದಾರೆ ಎಂದು ಬಾಗಿಲು ತಟ್ಟಿ ಕೇಳಬೇಕು; ಆ ಮನೆಗಳವರು ಬೇಡವೆಂದರೆ ದಾರಿಯನ್ನೋ ಹೊತ್ತನ್ನೋ ಬದಲಿಸಿಕೊಂಡು, ಅನಂತರ ಠಾಣೆಗೆ ಹೋಗಬೇಕು.